ಕರ್ತರಿ ಪ್ರಯೋಗ

ಆ ಚುನಾವಣೆ ವರ್ಷ, ಬಳ್ಳಾರಿಯ ರಾಯಲ್ ಸರ್ಕಲ್ ಹತ್ತಿರ
ನನ್ನ ಡಿಟಿಪಿ ಅಂಗಡಿಯ ಷಟರು
ರಾತ್ರಿ ಹನ್ನೊಂದಕ್ಕೂ ಮೊಣಕಾಲೆತ್ತರ ತೆರೆದಿರುತ್ತಿತ್ತು.
ಬಗ್ಗಿ ಒಳಗೆ ಬರುವವಳು ಹೊನ್ನೂರಮ್ಮ,
ಕೌಲ್ ಬಜಾರಿನ ಜೀನ್ಸ್ ಕಟಿಂಗ್ ಮಾಸ್ತರನ ಮಗಳು,
ಸಾಹೇಬರ ಮಾನ ಕಾಯಲು ಹೊಸದಾಗಿ ಸೇರಿದವಳು.
'ಮೊದಲ್ನೇ ಸೀಜನ್ನು' ಎನ್ನುವಳು,
ಮಾವಿನಕಾಯಿ ಮಾರುವವರ ಹಾಗೆ.

ಚಪ್ಪಲಿ ಬಿಟ್ಟು, ಕಾಲು ಮಡಚಿ, 'ಬರಕೋ ತಮ್ಮಾ.'
ಲಾರಿಯಡಿ ಸಿಕ್ಕ ಸೈಕಲ್ಲು, ಸೋರಿದ ಆಡಿಯೊ,
ಗೆಸ್ಟ್ ಹೌಸಿನ ಫೋಟೊ,
ಎಲ್ಲಕ್ಕೂ ಒಂದೇ ವ್ಯಾಕರಣ:
'ಮಾಡಿದರು ಅನಬ್ಯಾಡ. ಆಗಿದೆ ಅನ್ನು.
ನೋವಾಗಿದೆ ಅಲ್ಲ, ನೋವಾಗಿದ್ದರೆ.
ಆ "ರೆ" ಐತಲ್ಲ, ಅದರ ಮ್ಯಾಲೆ ಸರ್ಕಾರ ನಿಂತೈತೆ.'

ಹೈಸ್ಕೂಲಿನಲ್ಲಿ ಕರ್ತರಿ ಪ್ರಯೋಗ ಎಂದಾಗ
ಅಪ್ಪನ ಕತ್ತರಿ ಎಂದೇ ತಿಳಿದಿದ್ದಳಂತೆ.
ನಾನು ನಕ್ಕೆ. ನುಡಿ ಫಾಂಟಿನಲ್ಲಿ
ಕರ್ತೃಪದಗಳು ಒಂದೊಂದೇ ಉದುರುತ್ತಿದ್ದವು,
ಮೇಜಿನ ಕೆಳಗೆ ನೀಲಿ ಚಿಂದಿ ಬೀಳುವ ಹಾಗೆ.
ಬೆಳಗಿನ ಪೇಪರಿನಲ್ಲಿ ಸಾಹೇಬರು
ಇಸ್ತ್ರಿ ಮಾಡಿದಂತೆ ಇರುತ್ತಿದ್ದರು.
ಫೈಲಿಗೆ ಹೆಸರು ಫೈನಲ್, ಫೈನಲ್ ಎರಡು, ಕೊನೇ ಫೈನಲ್.

ಅದಿರು ಯಾರ್ಡಿನ ಲೆಕ್ಕ ಕಾಣೆಯಾದಾಗ ಮಾತ್ರ
ವಾಕ್ಯಕ್ಕೊಬ್ಬ ಬೇಕೇ ಬೇಕಾದ.
ಕೀಬೋರ್ಡಿನ ಕೆಂಪು ಧೂಳನ್ನು ಬೆರಳಲ್ಲಿ ಒರೆಸುತ್ತ
ಹೇಳಿದಳು: ತೂಕದ ಗುಮಾಸ್ತ, ಎರ್ರಿಸ್ವಾಮಿ.
ಕಾಗುಣಿತ ಕೇಳಿದೆ.
'ರ'ಕ್ಕೆ 'ರ' ಒತ್ತು, ಎಂದಳು.

ಸಾಹೇಬರು ಗೆದ್ದರು. ಪಟಾಕಿಯ ಕಾಗದ
ನಮ್ಮ ಷಟರಿನ ಸಂದಿಯಲ್ಲೂ ಸಿಕ್ಕಿಕೊಂಡಿತ್ತು.
ಹನ್ನೊಂದನೇ ದಿನ ಬಂದಳು, ಚಪ್ಪಲಿ ಬಿಡಲಿಲ್ಲ.
'ಒಂದು ಪತ್ರ. ಎರ್ರಿಸ್ವಾಮಿ ಹೆಂಡತಿಗೆ.'
ಫ್ಯಾನು ತಿರುಗಿತು, ಬಹಳ ಹೊತ್ತು.
'ನಿಮ್ಮ ಮನೆಯವರ ಹೆಸರು ಹೇಳಲಾಗಿದೆ...
ಅಳಿಸು.
ಹೇಳಬೇಕಾಗಿ ಬಂತು...
ಅದನ್ನೂ.'
ಆಮೇಲೆ, ಹಲ್ಲಲ್ಲಿ ದಾರ ಕಚ್ಚಿ ಹರಿದವಳಂತೆ,
'ನಾನು ಹೇಳಿದೆ.'

ಎರಡೇ ಪದ. ಪ್ರಿಂಟ್ ತೆಗೆದೆ.
ಮುಂದೆ ಇನ್ನೇನಾದರೂ ಎಂದು ಕಾದೆ.
ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕಿದಳು.
ಮುಟ್ಟಿಸಿದಳೋ ಇಲ್ಲವೋ ತಿಳಿಯದು.
ಹತ್ತು ರೂಪಾಯಿ ಕೊಟ್ಟು ಬಗ್ಗಿ ಹೊರಗೆ ಹೋದಳು,
ಮೊದಲ ಸಲ ತಲೆಗೆ ಷಟರು ತಾಗಿತು.
ಯಾವ ಹೆಸರಲ್ಲಿ ಉಳಿಸಲಿ ಎಂದು
ಕಂಪ್ಯೂಟರು ಬೆಳಗಿನ ತನಕ ಕೇಳುತ್ತಲೇ ಇತ್ತು.