ಜೋಡಿಗೊಂದು ಬಿಲ್ಲೆ

ಅರಮನೆ ಒಳಗೆ ಏನೇನಿದೆ ಅಂತ
ನನ್ನ ಕೇಳಬೇಡಿ.
ಹನ್ನೊಂದು ವರ್ಷದಲ್ಲಿ ಎರಡೇ ಸಲ ಹೋಗಿದ್ದೀನಿ,
ಒಂದು ಸಲ ಯಾರದೋ ಮಗು ಹುಡುಕೋಕೆ,
ಇನ್ನೊಂದು ಸಲ ಮಳೆ ಅಂತ.
ಗಾಜಿನ ಚಾವಣಿಯಲ್ಲಿ ನವಿಲು ಇದೆಯಂತೆ,
ತಲೆ ಎತ್ತಿದ ನೆನಪಿಲ್ಲ.
ಮಗು ಸಿಕ್ಕಿದ್ದು ನೆನಪಿದೆ:
ಕಬ್ಬಿಣದ ಕಂಬಕ್ಕೆ ಕೆನ್ನೆ ಒತ್ತಿ ನಿಂತಿತ್ತು,
ತಣ್ಣಗಿದೆ ಆಂಟಿ, ಅಂತು.

ಹೊರಗಿನದು ಕೇಳಿ, ಹೇಳ್ತೀನಿ.
ಈ ಚಪ್ಪಲಿ ಕೌಂಟರಿಗೆ ಮೈಸೂರು ಬರೋದು
ಅಡಿಯಿಂದ.
ಹಿಮ್ಮಡಿಯ ಅಚ್ಚಿನಲ್ಲಿ ಕುಂಕುಮ ಇದ್ದರೆ
ಸಾವಿರ ಮೆಟ್ಟಿಲು ಬರಿಗಾಲಲ್ಲಿ ಹತ್ತಿ
ಬೆಟ್ಟ ಮುಗಿಸಿ ಬಂದವರು.
ಕಪ್ಪು ಜಿಡ್ಡು ಇದ್ದರೆ ರೈಲು ಮ್ಯೂಸಿಯಂ,
ಹಳೇ ಇಂಜಿನ್ ಹತ್ತಿ ಫೋಟೊ ಆಗಿದೆ.
ಕಾರಂಜಿ ಕೆರೆಯ ಕೆಸರಿಗೆ ಒಂದು ವಾಸನೆ,
ಝೂ ಕಡೆಯ ಧೂಳಿಗೆ ಇನ್ನೊಂದು,
ಆ ಮಕ್ಕಳು ಇನ್ನೂ ಜಗಳದಲ್ಲೇ ಇರ್ತಾವೆ,
ಜಿರಾಫೆ ನೋಡಿದ್ದು ನಿನ್ನನ್ನಲ್ಲ, ನನ್ನನ್ನ.
ಬೆಳಿಗ್ಗೆ ಹತ್ತಕ್ಕೂ ಸಾಕ್ಸ್ ಒದ್ದೆ ಅಂದರೆ
ನಿನ್ನೆ ಸಂಜೆ ಕನ್ನಂಬಾಡಿ ಕಟ್ಟೆ,
ಕಾರಂಜಿ ಹತ್ತಿರ ಹೋಗಬೇಡ ಅಂದರೂ ಹೋದವನು.
ಸಂದಿಯಲ್ಲಿ ಸಿಕ್ಕಿಕೊಂಡ ಮಲ್ಲಿಗೆ ಎಸಳು
ಮಾರ್ಕೆಟ್ಟಿನದು. ಅದನ್ನ ತೆಗೆಯಲ್ಲ,
ಇರಲಿ, ಅವರದು.

ಸ್ಕೂಲ್ ಟ್ರಿಪ್ ದಿನ ಮಾತ್ರ ದೇವರೇ ಕಾಪಾಡಬೇಕು.
ನೂರಾ ಮೂವತ್ತು ಜೊತೆ, ಎಲ್ಲಾ ಕರಿ ಶೂ,
ಎಲ್ಲಾ ಒಂದೇ ಅಂಗಡಿದು.
ನೂರ್‌ಜಾನಕ್ಕ ಲೇಸಿಗೆ ಲೇಸು ಗಂಟು ಹಾಕ್ತಾ
"ನಿಕಾ ಮಾಡ್ತಾ ಇದ್ದೀನಿ ಕಣೇ" ಅಂತಾಳೆ.
ಬಿಚ್ಚೋಕೆ ಬಾರದೆ ಅಳೋ ಹುಡುಗನಿಗೆ
ಅವಳೇ ಹಲ್ಲಿನಲ್ಲಿ ಬಿಚ್ಚಿಕೊಡ್ತಾಳೆ.

ಮಾರ್ಚಿಯಲ್ಲಿ, ಮಧ್ಯಾಹ್ನ ಎರಡಕ್ಕೆ,
ಕಾದ ಕಲ್ಲಿನ ಮೇಲೆ ಎಲ್ಲರೂ ಕುಣೀತಾರೆ.
ಡಾಕ್ಟರು, ಡ್ರೈವರು, ಹೊಸದಾಗಿ ಮದುವೆಯಾದವರು,
ಇಡೀ ಊರಲ್ಲಿ ಟಿಕೆಟ್ಟಿಲ್ಲದ ಆಟ ಅದೊಂದೇ.

ಅಂಥ ಒಂದು ಮಧ್ಯಾಹ್ನ ಬಂದ ಅಜ್ಜ.
ನಾಗಮಂಗಲದ ಕಡೆಯ ಮಾತು,
ಹೆಗಲ ಮೇಲೆ ಟವೆಲ್ಲು, ಕಾಲಲ್ಲಿ ಏನೂ ಇಲ್ಲ.
ಸಾಲಿನಲ್ಲಿ ನಿಂತು ಸಾಲಿನಲ್ಲೇ ಬಂದು
ಕೈ ಚಾಚಿದ: "ನಂಗೂ ಒಂದು ಬಿಲ್ಲೆ ಕೊಡವ್ವ."
ಚಪ್ಪಲಿ ಎಲ್ಲಿ ತಾತ ಅಂದೆ.
"ಮೆಟ್ಟು ಮೆಟ್ಟೋನಲ್ಲ ನಾನು.
ಆದ್ರೆ ಎಲ್ರಿಗೂ ಕೊಟ್ಯಲ್ಲ."

ಹಿಂದಿನವರು ನಕ್ಕರು.
ನಾನು ಗೂಡು ನೋಡಿದೆ,
ಇನ್ನೂರಾ ಹದಿನಾಲ್ಕು ಖಾಲಿ ಇತ್ತು.
ಕೊಟ್ಟೆ.
ಅದನ್ನ ಟವೆಲ್ಲಿನ ತುದಿಗೆ ಗಂಟು ಹಾಕಿಕೊಂಡು
ಒಳಗೆ ಹೋದ.

ಆಮೇಲೆ ಜನ ಹೆಚ್ಚಿತು.
ಇನ್ನೂರಾ ಹದಿನಾಲ್ಕು ಕೊಡು ಅಂತ ನೂರ್‌ಜಾನಕ್ಕ,
ಅಲ್ಲಿ ಇದೆ ಅಂದೆ.
ಏನಿದೆ? ಇದೆ ಬಿಡಕ್ಕ.

ಐದಕ್ಕೆ ಬಂದು ಗಂಟು ಬಿಚ್ಚಿದ.
ಬಿಲ್ಲೆ ಇಟ್ಟ, ಹೋಗಲಿಲ್ಲ, ನಿಂತ.
ನನಗೂ ಏನು ತೋಚಬೇಕು!
ಖಾಲಿ ಗೂಡಿಗೆ ಎರಡೂ ಕೈ ಹಾಕಿ
ಎರಡೂ ಕೈಲಿ ಎತ್ತಿ
ಹಲಗೆ ಮೇಲೆ ಇಟ್ಟೆ.
ಬಲಗಾಲು ಮುಂದೆ ಮಾಡಿದ, ಆಮೇಲೆ ಎಡಗಾಲು,
ಒಂದು ಸಲ ನೆಲಕ್ಕೆ ಒದರಿ ಸರಿಮಾಡಿಕೊಂಡ.
"ಅವೇ," ಅಂದ. "ಬದಲಾಗಿಲ್ಲ."
ಒಳಗೆ ಏನು ನೋಡಿದ್ರಿ ಅಂತ ಕೇಳೋದು ಮರೆತೇಹೋಯ್ತು.

ಅವತ್ತು ಭಾನುವಾರ.
ಏಳಕ್ಕೆ ದೀಪ ಹತ್ತಿದಾಗ
ಊರಿಗೂರೇ ಮೇಲೆ ನೋಡ್ತಾ "ಹೋ" ಅಂತು.
ಬೆಳಕು ನನ್ನ ಗೂಡುಗಳಿಗೂ ಬಿತ್ತು.
ತೆಗೆದುಕೊಳ್ಳದೆ ಬಿಟ್ಟುಹೋದ ಮೂರು ಜೊತೆ,
ಒಂಟಿಯಾದ ಒಂದು ಕೆಂಪು ಚಪ್ಪಲಿ,
ಸ್ಟೂಲಿನ ಕೆಳಗೆ ನನ್ನವು,
ಬಿಲ್ಲೆ ಇಲ್ಲದವು,
ಬಾರು ಕಿತ್ತು ಪಿನ್ನು ಹಾಕಿದವು.
ನೂರ್‌ಜಾನಕ್ಕ ಎಣಿಸ್ತಾ ಇದ್ದಳು,
ಒಂದು ಬಿಲ್ಲೆ ಜಾಸ್ತಿ ಬರ್ತಿದೆ ಕಣೇ ಅಂತ
ಮತ್ತೆ ಮೊದಲಿಂದ.