ಹತ್ತು ಸಾವಿರದಲ್ಲೊಂದು ಪಾಲು

ಬೋರ್ಡಿನ ಮೇಲೆ ಹುಳುಬಿಲ ಅಂತ ಬರೆದೆ.
ಬಿ ಸೆಕ್ಷನ್ನು ನಕ್ಕಿತು.
ಗಣಿ ಮುಚ್ಚಿದ ಮೇಲೆ ಹುಟ್ಟಿದ ಮಕ್ಕಳು,
ಬಿಲ ಅಂದರೆ ಅವರಿಗೆ ಇಲಿ.

ಕೊನೇ ಬೆಂಚಿನ ಎಮಿಲ್ಡಾ ಮಾತ್ರ ಕೈ ಎತ್ತಿದಳು:
"ಅದರೊಳಗೆ ಇಳಿದರೆ ನಿನ್ನೆಗೆ ಹೋಗಬಹುದಾ ಮಿಸ್?"
ಸಮೀಕರಣ ಬೇಡ ಅನ್ನುವುದಿಲ್ಲ, ಅಂದೆ,
ಬೇಡ ಅನ್ನದಿರುವುದು ಬಾ ಅಂದ ಹಾಗಲ್ಲ.
ಅಷ್ಟರಲ್ಲಿ ಬೆಲ್ಲಾಯಿತು.

ಸಂಜೆ, ಮಾರಿಕುಪ್ಪಂ ಪ್ಯಾಸೆಂಜರಿನ ಸದ್ದು ಅಡಗಿದ ಮೇಲೆ
ಲೈನುಮನೆಯ ಹೊಸ್ತಿಲಲ್ಲಿ ಅಪ್ಪನಿಗೆ ಅದನ್ನೇ ಹೇಳಿದೆ.
ಚಾಂಪಿಯನ್ ರೀಫಿನಲ್ಲಿ ಮೂವತ್ತು ವರ್ಷ
ಮರದ ಕೆಲಸ ಅವನದು:
ಬಂಡೆ ಕೊರೆದವರ ಹಿಂದೆ ಹಿಂದೆ ಹೋಗಿ
ಸೂರಿಗೆ ಮರ ಆನಿಸುವವನು.
ಸೈಯನೈಡ್ ದಿಬ್ಬದಿಂದ ಹಾರಿಬಂದ ಧೂಳನ್ನು
ಲುಂಗಿಯಿಂದ ಕೊಡವುತ್ತಾ ಕೇಳಿಸಿಕೊಂಡ.

ಎರಡು ಬಾಯಿ ಅಪ್ಪಾ, ನಡುವೆ ಗಿಡ್ಡ ದಾರಿ.
ಒಂದು ಬಾಯಿ ಇಲ್ಲೇ ಕೂತಿರಲಿ,
ಇನ್ನೊಂದನ್ನು ಬೆಳಕಿನ ಬೆನ್ನಿಗೆ ಬಿದ್ದಂತೆ ಓಡಿಸಿ ವಾಪಸು ತಂದರೆ
ಅದರ ಗಡಿಯಾರ ಹಿಂದೆ ಬಿದ್ದಿರುತ್ತೆ.
ಓಡಿಬಂದ ಬಾಯಲ್ಲಿ ನುಗ್ಗಿದವನು
ಕೂತ ಬಾಯಲ್ಲಿ ಎದ್ದಾಗ
ಹೋದ ವರ್ಷದ ಯುಗಾದಿ.

ಅಪ್ಪ ಕೇಳಿದ್ದು ಒಂದೇ:
"ಸೂರಿಗೆ ಏನು ಕೊಡ್ತಾರೆ?"

ಎಲ್ಲರೂ ಸಿಕ್ಕಿಹಾಕಿಕೊಂಡಿರುವುದು ಅಲ್ಲೇ, ಅಂದೆ.
ಆ ದಾರಿ ಹುಟ್ಟಿದ ಗಳಿಗೆಯಲ್ಲೇ ಕುಸಿಯುತ್ತೆ,
ಬೆಳಕಿನ ಒಂದು ಎಳೆ ದಾಟುವಷ್ಟು ಹೊತ್ತೂ ತೆರೆದಿರಲ್ಲ.
ಸೊನ್ನೆಗಿಂತ ಕಡಿಮೆ ತೂಗುವ ಮರ ಬೇಕು,
ಸೆಳೆಯದೆ ತಳ್ಳುವಂಥದ್ದು.

"ಯಾವ ಡಿಪೋದಲ್ಲಿ ಸಿಕ್ಕುತ್ತೆ?"

ಅಂಟಿಕೊಂಡಂತಿರುವ ಎರಡು ತಗಡಿನ ಸಂದಿಯಲ್ಲಿ
ಅಂಥದ್ದೇ ಏನೋ, ಚಿಟಿಕೆಗಿಂತ ಕಡಿಮೆ.

"ಅಷ್ಟು ಮರಕ್ಕೆ ಇರುವೆ ಗೂಡೂ ನಿಲ್ಲಲ್ಲ. ಬಿಡು."

ಬಿಡಲಿಲ್ಲ ನಾನು. ಮೇಷ್ಟ್ರ ಚಟ.
ಇನ್ನೊಂದಿದೆ: ತೋಡಿದ ದಿನಕ್ಕಿಂತ ಹಿಂದಕ್ಕೆ
ಯಾವ ಬಿಲವೂ ಒಯ್ಯಲ್ಲ.
ಇವತ್ತು ತೋಡಿದರೆ ಇವತ್ತಿನವರೆಗೆ, ಅಷ್ಟೇ.

ಬೀಡಿ ಆರಿಹೋಗಿತ್ತು. ಹಚ್ಚಲಿಲ್ಲ.
"ಹಂಗಾದ್ರೆ ನಿನ್ನ ದಡಾರದ ರಾತ್ರಿ ಸಿಕ್ಕಲ್ಲ."

ನನಗೆ ಮೂರು ವರ್ಷ, ಮೈತುಂಬ ದಡಾರ.
ಅಪ್ಪನ ಪಾಳಿಗೆ ಮಾಣಿಕವೇಲು ಇಳಿದದ್ದು.
ಎರಡೂಕಾಲಿಗೆ ಕಪಾಟಿನ ಲೋಟಗಳು ಗಿಲಗಿಲ ಅಂದವಂತೆ,
ಅಮ್ಮ ಅವುಗಳ ಮೇಲೆ ಅಂಗೈ ಇಟ್ಟಳಂತೆ,
ಅಳುವ ಮಗುವಿನ ಬಾಯಿ ಮುಚ್ಚುವ ಹಾಗೆ.

"ಹೋದೆ ಅಂತಿಟ್ಕೋ. ಬೇಡ ಕಣೋ ಅಂದೆ ಅಂತಿಟ್ಕೋ.
ಅವನು ಮನೇಲಿ ಉಳೀತಾನೆ, ನಾನು ಇಳೀತೀನಿ.
ಆಮೇಲೆ ಬೇಡ ಅನ್ನೋಕೆ ಹೋಗೋನು ಯಾರು?"

ಇದಕ್ಕೆ ಪುಸ್ತಕಗಳಲ್ಲಿ ದೊಡ್ಡ ಹೆಸರಿದೆ.
ಹೇಳಬೇಕು ಅನ್ನಿಸಲಿಲ್ಲ.
ಕರೆಂಟು ಬಿಲ್ಲಿನ ಬೆನ್ನಿಗೆ ಬೇರೆ ಲೆಕ್ಕ ಹಾಕಿದೆ.
ಆಳಕ್ಕೆ ಇಳಿದಷ್ಟೂ ಗಡಿಯಾರ ನಿಧಾನ,
ಇದು ಅಳೆದು ನೋಡಿದ ಮಾತು, ಕತೆಯಲ್ಲ.
ಹತ್ತು ಸಾವಿರ ಅಡಿ, ದಿನಕ್ಕೆ ಎಂಟು ಗಂಟೆ, ಮೂವತ್ತು ವರ್ಷ:
ಒಂದು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲು.
ಭಾನುವಾರ ಕಳೆದರೆ ಇನ್ನೊಂಚೂರು ಕಮ್ಮಿ.
ನೆಲದ ಮೇಲೇ ಇದ್ದವರಿಗಿಂತ
ನೀನು ಅಷ್ಟು ಚಿಕ್ಕವನು ಅಪ್ಪಾ.
ಪಂಜರ ನಿನ್ನನ್ನು ದಿನಾ ಒಂದು ಕೂದಲೆಳೆ
ನಾಳೆಯೊಳಕ್ಕೆ ಎತ್ತಿ ಬಿಡುತ್ತಿತ್ತು.

ನಗುತ್ತಾನೆ ಅಂದುಕೊಂಡಿದ್ದೆ.
ಕನ್ನಡಕ ತರಿಸಿಕೊಂಡ, ಸೊನ್ನೆಗಳನ್ನು
ಉಗುರಿನಿಂದ ಒಂದೊಂದೇ ಮುಟ್ಟಿ ಎಣಿಸಿದ.
"ಮಾಣಿಕವೇಲುಗೂ ಹಾಕು."

ಎಷ್ಟು ವರ್ಷದ ಸರ್ವೀಸು?
"ಹನ್ನೊಂದು."
ಬರೆದುಕೊಂಡೆ, ಎಂಟು ಗಂಟೆಯಿಂದ ಗುಣಿಸಿದೆ.

"ಅಲ್ಲಿಗೇ ನಿಲ್ಲಿಸಬೇಡ. ಅವನನ್ನ ಮೇಲೆ ತಂದಿಲ್ಲ.
ಆ ರಾತ್ರಿಯಿಂದ ಈಚೆಗೆ ಇಪ್ಪತ್ನಾಲ್ಕು ಗಂಟೆ ಹಾಕು.
ಭಾನುವಾರಾನೂ."

ಹಾಕುತ್ತಾ ಹೋದೆ.
ಜಾಗ ಸಾಲದೆ ಬಿಲ್ಲು ತಿರುಗಿಸಿದರೆ
ಆ ಬದಿಯಲ್ಲಿ
ಕಟ್ಟಲು ಕೊನೇ ದಿನ, ನಾಳೆ.