ಹದಿನೇಳನೇ ನಂಬರು

ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಆಟದ ಸಾಮಾನಿನ ಕೋಣೆ.
ಒಂದು ಬೆಂಚು, ಒಂದು ಸ್ಟಾಪ್‌ವಾಚು, ಗಾಳಿ ಹೋದ ವಾಲಿಬಾಲು.
ಮಕ್ಕಳು ಒಬ್ಬೊಬ್ಬರೇ ಬಂದು
ಹನ್ನೆರಡು ಪದ ಕೇಳಿ ನೆನಪಿದ್ದಷ್ಟು ತಿರುಗಿ ಹೇಳಬೇಕು:
ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ, ಉರ್ದುವಿನಲ್ಲೊಮ್ಮೆ.
ಉಪ್ಪನ್ನು ಪಟ್ಟಿಯಿಂದ ತೆಗೆದೆ.
ಕನ್ನಡಕ್ಕೂ ತೆಲುಗಿಗೂ ಅದು ಉಪ್ಪೇ.

ಮೊದಲು ಬಂದ ಭಾಷೆಗೆ ಮಗುವಿನ ಅಂಜಿಕೆ ತಗಲುತ್ತದೆ,
ಕೊನೆಯದಕ್ಕೆ ಆಕಳಿಕೆ.
ಯಾವ ಭಾಷೆಯೂ ಸದಾ ಆಕಳಿಕೆಯ ಪಾಲಾಗಬಾರದು, ಅದಕ್ಕೇ ಈ ಚೌಕ.
ಯಾವುದು ಎಷ್ಟನೆಯದು ಎಂಬ ನ್ಯಾಯಕ್ಕೆ ಮೂರು ಸಾಲು ಸಾಕಿತ್ತು.
ಯಾವುದರ ಬೆನ್ನಿಗೆ ಯಾವುದು ಎಂದು ಕೇಳಿಕೊಂಡೆ,
ಆರು ಬೇಕಾದವು. ಸಾಲಿಗೆ ನಾಲ್ವರು.

'ಜಾಣರನ್ನ ಮೊದಲು ಕಳಿಸ್ಲಾ ಮೇಡಂ?'
ಮುನಿಯಲ್ಲಪ್ಪ ಮೇಷ್ಟ್ರು ಬಾಗಿಲಲ್ಲಿ.
ಬೇಡ ಸಾರ್ ಎಂದು ಟಿಫಿನ್ ಡಬ್ಬಿಯಲ್ಲಿ ಚೀಟಿ ಕುಲುಕಿದೆ.
ಚಿತ್ರಾನ್ನದ ಅರಿಶಿನ ಹತ್ತಿದ ಆರನ್ನು ಒಂಬತ್ತೆಂದು ಓದಿ
ಮತ್ತೆ ಎಲ್ಲ ಕುಲುಕಿದೆ.

ಹನ್ನೊಂದಕ್ಕೆ ಗಾಳಿ ತಿರುಗಿ
ಹಿಂದಿನ ಬೀದಿಯ ಚರಕದಿಂದ ಹುಳು ಬೇಯುವ ವಾಸನೆ.
ಇದನ್ನು ಯಾವ ಸಾಲಿಗೆ ಎಷ್ಟು ಹಂಚಲಿ?
ಮಕ್ಕಳ ಮೂಗಿಗೆ ಅದು ಬಡಿಯಲೇ ಇಲ್ಲ.
ನಾನೊಬ್ಬಳೇ ಸೆರಗು ಒತ್ತಿಕೊಂಡು ಸೆಕೆಂಡು ಎಣಿಸಿದೆ.

ಹದಿನೇಳನೇ ನಂಬರು ಬರಲಿಲ್ಲ.
ಐದನೇ ಸಾಲು: ಉರ್ದು, ಕನ್ನಡ, ತೆಲುಗು. ಹೆಸರು ಶಾಹಿಸ್ತಾ.
ಅವತ್ತು ಅವಳ ಮನೆಗೆ ಗೂಡು ಬಂದಿತ್ತಂತೆ, ಕೈ ಸಾಲದು.
ಮೂರೇ ಕಾಲಿನ ಮಂಚದಂತೆ ಐದನೇ ಸಾಲು ವಾಲಿ ನಿಂತಿತು.

ಸೋಮವಾರ ಗೇಟಿನ ಹತ್ತಿರ ಅವಳೇ ಅಡ್ಡ ನಿಂತಳು.
ಬೆರಳ ತುದಿಗಳು ಬಿಸಿನೀರಿಗೆ ನೆನೆದು ಬೆಳ್ಳಗೆ, ನೆರಿಗೆ ನೆರಿಗೆ.
'ನಂಗೂ ಬರುತ್ತೆ ಮಿಸ್' ಎಂದವಳು ಕೇಳುವ ಮುಂಚೆಯೇ ಶುರು:
ನೆರಳು, ದಾರಂ, ಪಾನಿ, ಬಾಗಿಲು, ಚಾಬಿ, ಗೊಡುಗು...
ಪಕ್ಕದ ಮನೆ ವೆಂಕಟರವಣ ಹೇಳಿಕೊಟ್ಟಿದ್ದನಂತೆ,
ಎಳೆ ಹುಡುಕುತ್ತ ಹುಡುಕುತ್ತ ಬಾಯಿಪಾಠ.
ಮೂವತ್ತಾರಕ್ಕೆ ಮೂವತ್ತಾರು!
ಉಳಿದ ಇಪ್ಪತ್ತಮೂರು ಮಕ್ಕಳಲ್ಲಿ ಯಾರೂ ಇಪ್ಪತ್ತು ದಾಟಿರಲಿಲ್ಲ.

ಅವಳನ್ನು ಸೇರಿಸುವ ಹಾಗಿಲ್ಲ.
ಆ ಖಾನೆಯಲ್ಲಿ ಒಂದು ಅಡ್ಡಗೆರೆ ಎಳೆದಿದ್ದೇನೆ, ಅಷ್ಟೇ.

ಬಂದವರಿಗೆಲ್ಲ ಒಂದೊಂದು ಪೆನ್ನು ಕೊಟ್ಟಿದ್ದೆ.
ಅವಳಿಗೂ ಕೊಡೋಣವೆಂದು ಚೀಲ ತಡಕಿದರೆ ಖಾಲಿ,
ಕೈಯಲ್ಲಿದ್ದುದನ್ನೇ ಕೊಟ್ಟೆ.
ಅವಳು ಓಡಿಹೋದ ಮೇಲೆ ಹೊಳೆಯಿತು:
ಪೆನ್ನು ಹಿಡಿದ ಖುಷಿಗೆ ತಟ್ಟನೆ ಏನೋ ಅಂದಳಲ್ಲ,
ಅದು ಯಾವ ಭಾಷೆ?
ಬರೆದುಕೊಳ್ಳಲು ಪೆನ್ನಿರಲಿಲ್ಲ.